ತಾಯಮ್ಮನ ಕೆಳಗಿನ ಗೀಟು

ಶಿಕಾರಿಪುರದ ತಾಲ್ಲೂಕು ಕಚೇರಿ ಎದುರು ಕೂತು ಅರ್ಜಿ ಬರೆಯುವುದು ನನ್ನ ಕಸುಬು. ಜನ ಸುಳ್ಳು ಬರೆಸಲು ಬಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಉಡುತಡಿಯ ತಾಯಮ್ಮನ ಮೇಲೂ ಏರಿತ್ತು. ನೆನೆದರೆ ಈಗ ನಾಚಿಕೆಯಾಗುತ್ತದೆ.

ಗಂಡ ದೊಡ್ಡಬೀರಪ್ಪನ ಜೊತೆ ಮೂವತ್ತು ವರ್ಷ ಕುರಿ ಹಿಂದೆ ನಡೆದ ಹೆಂಗಸು ಅವಳು. ತೋಳ ಬಂದಾಗ ಕೋಲು ಹಿಡಿದು ಒಬ್ಬಳೇ ನಿಂತಿದ್ದಳೆಂದು ಊರವರು ಹೇಳುತ್ತಾರೆ. ಅಂಥವಳು ಅವತ್ತು ಸೆರಗಿನ ಗಂಟಿನಿಂದ ಕಾಗದ ತೆಗೆದುಕೊಡುವಾಗ ಗಡಗಡ ನಡುಗುತ್ತಿದ್ದಳು. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ಮೈದುನ ಹರೀಶ ವಕೀಲರಿಂದ ಇಂಗ್ಲಿಷ್ ನೋಟೀಸು ಕೊಡಿಸಿದ್ದ.

"ಲೀನಿಯಲ್ ಅಂತ ಏನೋ ಐತಂತೆ. ಹೊಲದ ಮೇಲೆ ಕರೆಂಟ್ ಲೈನ್ ಹಾಯಿಸ್ತಾರೇನ್ರೀ ಅಣ್ಣಾರೆ?"

ನಗು ಬಂತು. ಓದಿದ ಮೇಲೆ ನಿಂತಿತು. ಸಂಗೀತ ಎಂಬ ಹುಡುಗಿ ದೊಡ್ಡಬೀರಪ್ಪನ 'ಲೀನಿಯಲ್' ಸಂತಾನವಲ್ಲ, ಆದ್ದರಿಂದ ಹೊಲದ ಪಹಣಿಯಲ್ಲಿ ಅವಳ ಹೆಸರು ಸೇರಿಸಕೂಡದು ಎಂದಿತ್ತು.

ಹಳೇ ಕಾಗದದ ಬೆನ್ನಿಗೆ ಬರೆದು ತೋರಿಸಿದೆ. ಅಜ್ಜ, ಕೆಳಗೆ ಅಪ್ಪ, ಅವನ ಕೆಳಗೆ ಮಗಳು. ಹೀಗೆ ಮೇಲಿಂದ ನೆಟ್ಟಗೆ ಇಳಿಯುವ ಗೀಟೇ ಲೀನಿಯಲ್. ಚಿಕ್ಕಪ್ಪ, ಅವನ ಮಕ್ಕಳು ಪಕ್ಕದ ಗೀಟಿನವರು. ರಕ್ತ ಒಂದೇ ಆದರೂ ಅವರಿಗೆ ಈ ಮಾತು ಸಲ್ಲದು.

"ಸಂಗೀತ ನಿನ್ನ ಹೊಟ್ಟೇಲಿ ಹುಟ್ಟಿದೋಳು ತಾನೆ? ಹಂಗೇ ಬರೀತೀನಿ."

ತಾಯಮ್ಮ ರಸ್ತೆಯಾಚೆಗೆ ನೋಡಿದಳು. ಮಗಳು ಅಲ್ಲಿ ಜೆರಾಕ್ಸ್ ಅಂಗಡಿಯಲ್ಲಿದ್ದಳು. "ಬರೀರಿ" ಎಂದಳು, ನನ್ನ ಕಡೆ ತಿರುಗದೆ.

"ಪ್ರಮಾಣ ಮಾಡಿ ಸಹಿ ಹಾಕಬೇಕು. ನನ್ನ ಹತ್ರ ಆಟ ಆಡಬೇಡ, ನಿಜ ಹೇಳು" ಎಂದು ಗದರಿದೆ.

ಅವಳ ದನಿ ಇಳಿಯಿತು. "ಕುಬಟೂರಾಗೆ ನನ್ನ ತಂಗಿ ಹುಚ್ಚಮ್ಮ ಹಡೆದಿದ್ದು. ಹನ್ನೊಂದನೇ ದಿನ ನಾವಿಬ್ರೂ ಹೋದ್ವಿ. ಅವಳೂ ಅವಳ ಗಂಡನೂ ಸೇರಿ ಹಿರೇರ ಮುಂದೆ ಕೂಸನ್ನ ನನ್ನ ಉಡಿಗೆ ಹಾಕಿದ್ರು. ಸಂಗೀತಂಗೆ ಇದು ಗೊತ್ತಿಲ್ಲ."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಹಿರಿಯರ ಮುಂದೆ ಹೆತ್ತವರು ಕೊಟ್ಟು ನೀವು ತಗೊಂಡಿದ್ದರೆ ಅದು ದತ್ತು. ದತ್ತು ಮಗಳಿಗೂ ಗೀಟು ನೆಟ್ಟಗೇ ಇಳಿಯುತ್ತದೆ ಎಂದೆ. ಆದರೆ ಅದನ್ನು ಬಿಚ್ಚಿ ಬರೆಯಬೇಕು, ಕುಬಟೂರಿನವರು ಬಂದು ಸಾಕ್ಷಿ ಹೇಳಬೇಕು. ಹೊಟ್ಟೆಯಲ್ಲಿ ಹುಟ್ಟಿದವಳು ಅಂತ ಬರೆಸಿದರೆ ಹರೀಶ ಸುಳ್ಳೆಂದು ತೋರಿಸಿಬಿಡುತ್ತಾನೆ.

"ಬ್ಯಾಡ್ರೀ. ಹೊಲ ಹೋದ್ರೆ ಹೋಗ್ಲಿ" ಎಂದು ನನ್ನ ಮೇಜಿನ ಅಂಚು ಹಿಡಿದುಕೊಂಡಳು. "ಹದಿನೆಂಟು ವರ್ಷದಿಂದ ಇದೊಂದೇ ಹೆದರಿಕೆ ನಂಗೆ. ಅವಳು ಚಿಕ್ಕವ್ವನ ಮನೇಲಿ ಎರಡು ದಿನ ಉಳಿದ್ರೆ ನಂಗೆ ಅನ್ನ ಗಂಟಲಾಗೆ ಇಳಿಯಲ್ಲ. ಹೆತ್ತೋಳು ಹುಚ್ಚಮ್ಮ ಅಂತ ತಿಳಿದ್ರೆ ಅಲ್ಲೇ ನಿಂತುಬಿಡ್ತಾಳೆ. ಆಮೇಲೆ ನಾನು ಯಾರಿಗೆ ಅವ್ವ?"

ತಲೆಯೆತ್ತಿದೆ. ಹುಡುಗಿ ಜೆರಾಕ್ಸ್ ಹಿಡಿದು ಅವಳ ಬೆನ್ನ ಹಿಂದೆಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ನನ್ನ ಮುಖ ನೋಡಿಯೇ ತಾಯಮ್ಮನಿಗೆ ಅರ್ಥವಾಯಿತು, ಆದರೆ ತಿರುಗಲಿಲ್ಲ. ಮೇಜು ಹಿಡಿದ ಬೆರಳು ಬೆಳ್ಳಗಾದವು. 

ಸಂಗೀತ ಜೆರಾಕ್ಸ್ ಹಾಳೆಗಳನ್ನು ಮೇಜಿನ ಮೇಲಿಟ್ಟು ಒಂದೊಂದಾಗಿ ಜೋಡಿಸಿದಳು. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು. ನಾನು ಬರೆದಿದ್ದ ಗೀಟುಗಳನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿತ್ತು.

"ಸಾಕ್ಷಿಗೆ ಕುಬಟೂರು ಚಿಕ್ಕವ್ವನ್ನ ಯಾವತ್ತು ಕರ್ಕೊಂಡ್ ಬರಾಣ, ಅವ್ವ?" ಎಂದಳು.

ತಾಯಮ್ಮ ಆಗ ತಿರುಗಿ ಮಗಳ ಮುಖ ನೋಡಿದಳು.