ನಲವತ್ತನೇ ಪುಟದ ಚೀಟಿ

ನನ್ನ ಗಂಡನಿಗೆ ಅನುಮಾನ ಹುಟ್ಟುಗುಣ. ಬಾಗಿಲಿಗೆ ಬೀಗ ಹಾಕಿ, ಹತ್ತು ಹೆಜ್ಜೆ ನಡೆದು, ವಾಪಸು ಬಂದು ಅದನ್ನು ಜಗ್ಗಿ ನೋಡದಿದ್ದರೆ ಅವರಿಗೆ ಕಾಲು ಮುಂದೆ ಹೋಗುವುದಿಲ್ಲ. ಹಾಲನ್ನು ಕಾಯಿಸುವ ಮುಂಚೆ ಮೂಸುತ್ತಾರೆ, ಕಾಯಿಸಿದ ಮೇಲೂ ಮೂಸುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ಜ್ವರ ಅಂದರೆ ಥರ್ಮಾಮೀಟರ್ ತಂದು ಖಾತ್ರಿ ಮಾಡಿಕೊಂಡ ಮಹಾನುಭಾವರು. ನಾನೋ ನರ್ಸ್.

ಇಬ್ಬರಿಗೂ ಕೆಲಸ ಒಂದೇ ಕಡೆ, ಮೂವತ್ತು ದೇಶಗಳ ಮಕ್ಕಳು ಓದುವ ಇಂಟರ್‌ನ್ಯಾಷನಲ್ ಶಾಲೆಯಲ್ಲಿ. ನಾನು ಸಿಕ್ ರೂಮಿನಲ್ಲಿ, ಅವರು ಪಕ್ಕದ ಲೈಬ್ರರಿಯಲ್ಲಿ. ಇಪ್ಪತ್ತೆರಡು ವರ್ಷದಿಂದ ಪುಸ್ತಕಗಳಿಗೆ ಮುದ್ರೆ ಹೊಡೆದಿದ್ದಾರೆ, ಕಿತ್ತುಹೋದ ರಟ್ಟು ಅಂಟಿಸಿದ್ದಾರೆ, ಹಾಳೆ ಹರಿದವರನ್ನು ಹಿಡಿದಿದ್ದಾರೆ. ಒಂದನ್ನಾದರೂ ಓದಿದ್ದನ್ನು ನಾನು ಕಂಡಿಲ್ಲ. ಮಕ್ಕಳು ಅವರಿಗೆ ಇಟ್ಟ ಹೆಸರು ಪತ್ತೇದಾರ. ಅದನ್ನು ಹೊಗಳಿಕೆ ಅಂತಲೇ ನಂಬಿಕೊಂಡಿದ್ದಾರೆ, ಪುಣ್ಯಾತ್ಮ.

ಈ ವರ್ಷದ ನಡುವೆ ಏಳನೇ ತರಗತಿಗೆ ಒಬ್ಬ ಹುಡುಗಿ ಬಂದು ಸೇರಿದಳು. ಅಪ್ಪನಿಗೆ ಮೇಲಿಂದ ಮೇಲೆ ವರ್ಗ. ಅವಳಿಗಿದು ಐದನೇ ಶಾಲೆ. ತರಗತಿ ಮುಗಿದ ಮೇಲೆ ಉಳಿದ ಮಕ್ಕಳು ಈಜು, ನಾಟಕ, ಫುಟ್‌ಬಾಲ್ ಅಂತ ಚದುರಿದರೆ ಇವಳು ಹೆಸರು ಕೊಟ್ಟಿದ್ದು ಓದುವ ಕ್ಲಬ್ಬಿಗೆ ಮಾತ್ರ. ಟರ್ಮಿನಲ್ಲಿ ಐವತ್ತು ಪುಸ್ತಕ ಓದಿ, ಪ್ರತಿಯೊಂದರ ಬಗ್ಗೆ ಒಂದು ಪುಟ ಬರೆದವರನ್ನು ಬೇರೆ ದೇಶದ ಓದುಗರ ಶಿಬಿರಕ್ಕೆ ಕಳಿಸುತ್ತಾರೆ. ಎರಡೇ ತಿಂಗಳಲ್ಲಿ ಅವಳು ಮೂವತ್ತು ದಾಟಿದ್ದಳು.

“ಇದರಲ್ಲೇನೋ ಮಸಲತ್ತಿದೆ ಕಣೇ,” ಅಂದರು ಇವರು ಒಂದು ಸಂಜೆ. “ನಿನ್ನೆ ಎರಡು ತಗೊಂಡು ಹೋದ್ಲು, ಇವತ್ತು ಬೆಳಿಗ್ಗೆ ವಾಪಸ್. ಅದ್ಹೇಗೆ ಸಾಧ್ಯ?”

“ಓದ್ತಾಳೇನೋ ಪಾಪ. ನಿಮಗ್ಯಾಕ್ರೀ ಹೊಟ್ಟೆನೋವು?”

“ಓದಿದೋರ ಮುಖ ಹಾಗಿರಲ್ಲ.”

ಓದಿದವರ ಮುಖ ಹೇಗಿರುತ್ತದೆಂದು ನಿಮಗೇನು ಗೊತ್ತು ಅಂತ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮರುದಿನದಿಂದ ಮುದ್ರೆ ಹೊಡೆಯುವ ನೆಪದಲ್ಲಿ ಅವಳ ಪ್ರತಿ ಪುಸ್ತಕದ ನಲವತ್ತನೇ ಪುಟಕ್ಕೆ ಬೆರಳಗಲದ ಬಿಳಿ ಚೀಟಿ ಸಿಕ್ಕಿಸತೊಡಗಿದರು. ಓದಿದರೆ ಚೀಟಿ ಬಿದ್ದುಹೋಗುತ್ತದೆ, ಇಲ್ಲವೇ ಜಾಗ ಬದಲಿಸುತ್ತದೆ; ಓದದಿದ್ದರೆ ಇದ್ದಲ್ಲೇ ಇರುತ್ತದೆ. ಇದು ಅವರ ತರ್ಕ. ಹನ್ನೊಂದು ಪುಸ್ತಕ ಹೋದವು, ಹನ್ನೊಂದೂ ಬಂದವು. ಹನ್ನೊಂದರಲ್ಲೂ ಚೀಟಿ ನಲವತ್ತನೇ ಪುಟದಲ್ಲೇ. ಸುಳ್ಳೇಕೆ ಹೇಳಲಿ, ಆಗ ನನಗೂ ಅನುಮಾನ ಬಂತು. ಅವಳು ಒಬ್ಬಳೇ ಕಾರಿಡಾರ್ ದಾಟುವುದನ್ನು ಕಂಡಾಗಲೆಲ್ಲ, ಇಂಥ ಸಾಧು ಮುಖದ ಹಿಂದೆ ಇಷ್ಟು ಕಳ್ಳತನವೇ ಎಂದುಕೊಳ್ಳುತ್ತಿದ್ದೆ. ಅವಳನ್ನು ಮಾತಾಡಿಸುವುದನ್ನೂ ಬಿಟ್ಟೆ.

ಇವರು ಪ್ರಿನ್ಸಿಪಾಲರಿಗೆ ಪತ್ರ ಬರೆದರು: ಈ ಹುಡುಗಿಯ ಹೆಸರನ್ನು ಶಿಬಿರದ ಪಟ್ಟಿಯಿಂದ ತೆಗೆಯಬೇಕು. ಮಾರನೆಯ ದಿನವೇ ಪ್ರಿನ್ಸಿಪಾಲ್ ಮೇಡಂ ಪತ್ರ ಹಿಡಿದು, ಹುಡುಗಿಯನ್ನು ಕರೆದುಕೊಂಡು ಲೈಬ್ರರಿಗೆ ಬಂದರು. ನಾನು ಬ್ಯಾಂಡೇಜಿನ ಡಬ್ಬಿ ಹಿಡಿದು, ಏನೋ ಕೆಲಸವಿದ್ದವಳ ಹಾಗೆ ಬಾಗಿಲಲ್ಲಿ ನಿಂತೆ.

ಇವರು ಹನ್ನೊಂದು ಪುಸ್ತಕಗಳನ್ನೂ ನಲವತ್ತನೇ ಪುಟಕ್ಕೆ ತೆರೆದು ಮೇಜಿನ ಮೇಲೆ ಹರಡಿದರು. “ನೋಡಿ ಮೇಡಂ, ಒಂದು ಚೀಟಿನೂ ಕದಲಿಲ್ಲ. ಮುಟ್ಟಿಲ್ಲ ಇವಳು.”

ಹುಡುಗಿಯ ಮುಖದಲ್ಲಿ ಹೆದರಿಕೆ ಹುಡುಕಿದೆ. ಸಿಗಲಿಲ್ಲ.

“ಅವು ಬಿದ್ದುಹೋಗ್ತಿದ್ವು ಸರ್,” ಅಂದಳು. “ನಾನೇ ವಾಪಸ್ ಇಡ್ತಿದ್ದೆ.”

“ಯಾಕಮ್ಮ?” ಕೇಳಿದರು ಮೇಡಂ.

“ಯಾರೋ ಅಲ್ಲೀತನಕ ಓದಿ ಗುರುತಿಟ್ಟಿದ್ದಾರೆ ಅಂದ್ಕೊಂಡೆ. ಅವರಿಗೆ ಜಾಗ ತಪ್ಪಿಹೋಗಬಾರ್ದಲ್ಲ.” ಆಮೇಲೆ ನನ್ನ ಗಂಡನ ಕಡೆ ತಿರುಗಿದಳು. “ನಾನು ಓದೋ ಪುಸ್ತಕಾನೇ ಅವರೂ ಓದ್ತಾರೆ ಸರ್. ಯಾರು ಅಂತ ಹೇಳ್ತೀರಾ? ನಂಗಿಲ್ಲಿ ಫ್ರೆಂಡ್ಸ್ ಯಾರೂ ಇಲ್ಲ. ಅವರ ಹತ್ರ ಮಾತಾಡ್ಬೇಕಿತ್ತು.”

ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು ನನಗೆ. ಮೇಡಂ ಪತ್ರವನ್ನು ಮಡಚಿ ಇವರ ಮುಂದಿಟ್ಟು, “ನೀವೇ ಹೇಳಿ,” ಅಂದು ಹೊರಟುಹೋದರು.

“ಅದು... ನಾನೇ ಕಣಮ್ಮ ಇಟ್ಟಿದ್ದು,” ಅಂದರು ಇವರು. ಹರಡಿದ್ದ ಪುಸ್ತಕಗಳನ್ನು ಒಂದೊಂದಾಗಿ ಮುಚ್ಚತೊಡಗಿದರು.

ಹುಡುಗಿಯ ಮುಖ ಅರಳಿತು. “ನೀವಾ? ಮತ್ತೆ ಯಾವ್ದನ್ನೂ ಯಾಕೆ ಪೂರ್ತಿ ಓದಲ್ಲ?”

ಪತ್ರ ಕಸದ ಬುಟ್ಟಿ ಸೇರಿತು. ಅವಳ ಹೆಸರು ಪಟ್ಟಿಯಲ್ಲೇ ಉಳಿಯಿತು. ಅಂದು ಸಂಜೆ ಇವರು ಆ ಹನ್ನೊಂದರಲ್ಲಿ ಒಂದು ಪುಸ್ತಕ ಮನೆಗೆ ತಂದರು. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಮೂಸಲು ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಗಂಟೆಗೂ ಮುಂಚೆ ಅವಳು ಲೈಬ್ರರಿಯಲ್ಲಿ ಹಾಜರು.

“ಎಲ್ಲೀತನಕ ಬಂದ್ರಿ ಸರ್?”

“ಅರವತ್ತೊಂದು.”

ಅವಳು ಕಣ್ಣು ಕಿರಿದು ಮಾಡಿ ಅವರನ್ನೇ ನೋಡಿದಳು. “ನಿಜವಾಗ್ಲೂ? ಹಾಗಾದ್ರೆ ದೋಣಿಯವನ ನಾಯಿ ಎಲ್ಲಿ ಬಚ್ಚಿಟ್ಕೊಂಡಿತ್ತು, ಹೇಳಿ ನೋಡೋಣ.”

ಇಪ್ಪತ್ತೆರಡು ವರ್ಷ ಮಕ್ಕಳನ್ನೆಲ್ಲ ನಿಲ್ಲಿಸಿ ವಿಚಾರಿಸಿದ ಮನುಷ್ಯ ಕುರ್ಚಿಯಿಂದ ಎದ್ದು ನಿಂತರು.

“ಹಾಯಿಬಟ್ಟೆ ಕೆಳಗೆ,” ಅಂದು, ಸರಿಯೋ ತಪ್ಪೋ ಎಂದು ಅವಳ ಮುಖವನ್ನೇ ನೋಡುತ್ತ ಕಾದರು.