ಒಂಬತ್ತನೇ ಗುಳಿಯ ರಂಗೋಲಿ

ನಮ್ಮವ್ವ ಅಮ್ಮಾಜಮ್ಮ ಜೀವಮಾನದಲ್ಲಿ ಒಂದು ದಿನವೂ ಗಾಲ್ಫ್ ಆಡಿದವಳಲ್ಲ. ಆದರೂ ಚೆಂಡನ್ನು ಗುಳಿಗೆ ಉರುಳಿಸುವ ವಿದ್ಯೆಯನ್ನು ಅಪ್ಪನಿಗೆ ಕಲಿಸಿದವಳು ಅವಳೇ. ಅಪ್ಪ ಇದನ್ನು ಹತ್ತು ವರ್ಷ ಒಪ್ಪಲಿಲ್ಲ. ನಾನು ಇಬ್ಬರ ಮಾತನ್ನೂ ಕೇಳಿ ಬೆಳೆದವಳು. ಇಬ್ಬರೂ ಸುಳ್ಳು ಸೇರಿಸುತ್ತಿದ್ದರು, ಅಪ್ಪ ಸ್ವಲ್ಪ ಜಾಸ್ತಿ. ಎರಡನ್ನೂ ಜರಡಿ ಹಿಡಿದ ಮೇಲೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೆಲ್ಲ ನಡೆದಾಗ ನಾನೂ ಸ್ಥಳದಲ್ಲಿದ್ದೆ, ಆದರೆ ಏಳು ತಿಂಗಳ ಕೂಸಾಗಿದ್ದೆ, ಹಾಗಾಗಿ ನನ್ನ ಸಾಕ್ಷಿ ನಡೆಯುವುದಿಲ್ಲ.

ಅವ್ವನ ತವರು ಕಾಮಸಮುದ್ರದ ಪಕ್ಕದ ಒಂದು ಹಳ್ಳಿ. ಅಲ್ಲಿ ಕೊಟ್ಟಿಗೆಯ ತುಂಬ ದನ. ಅವಳು ಸೊಸೆಯಾಗಿ ಬಂದದ್ದು ಚಿನ್ನದ ಗಣಿಯ ಊರಾದ ಊರಿಗಾಂನ ಕೂಲಿ ಲೈನಿನ ತಟ್ಟಿ ಮನೆಗೆ. ಒಂದೇ ಕೋಣೆ, ಬಿದಿರು ತಟ್ಟಿಯ ಗೋಡೆ. ಪಕ್ಕದ ಮನೆಯವರು ಆಕಳಿಸಿದರೆ ನಮ್ಮನೆಯಲ್ಲಿ ನಿದ್ದೆ ಬರುತ್ತಿತ್ತು. ಅಂಥ ಜಾಗದಲ್ಲೂ ಅವಳು ಒಳಗೂ ಹೊರಗೂ ಸಾರಿಸದೆ ಒಲೆ ಹಚ್ಚುತ್ತಿರಲಿಲ್ಲ. ಸಗಣಿಗಾಗಿ ಬುಟ್ಟಿ ಹಿಡಿದು ರಸ್ತೆಯಲ್ಲಿ ಎತ್ತಿನ ಗಾಡಿಗಳ ಹಿಂದೆ ಹೋಗಬೇಕಾಗಿತ್ತು. ಕೊಟ್ಟಿಗೆಯಲ್ಲಿ ಬೆಳೆದವಳಿಗೆ ಅದು ನಾಚಿಕೆ. ತಾತ ಅವಳಿಗೆಂದೇ ಕೆಂಪಿ ಅನ್ನುವ ಕಡಸನ್ನು ತೆಗೆದಿಟ್ಟಿದ್ದರು. "ಕಟ್ಟಾಕೋಕೆ ಒಂದು ಜಾಗ ಮಾಡ್ಕೋಮ್ಮಿ, ಅವತ್ತೇ ಒಡ್ಕೊಂಡು ಓಗು" ಎಂದಿದ್ದರು. ಲೈನಿನಲ್ಲಿ ಹಸು ಇರಲಿ, ಒಂದು ಕೋಳಿ ಕಟ್ಟುವುದಕ್ಕೂ ಜಾಗವಿರಲಿಲ್ಲ.

ಅಪ್ಪ ಕೋದಂಡಪ್ಪ ಗಾಲ್ಫ್ ಮೈದಾನದಲ್ಲಿ ಗಣಿಯ ಇಂಗ್ಲಿಷ್ ದೊರೆಗಳ ಕೋಲುಚೀಲ ಹೊರುವ ಕ್ಯಾಡಿ. ಪ್ರತಿ ಸಂಕ್ರಾಂತಿಗೆ ಕ್ಯಾಡಿಗಳಿಗೇ ಒಂದು ಪಂದ್ಯ ಇಡುತ್ತಿದ್ದರು: ಒಂಬತ್ತು ಗುಳಿ, ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದ. ೧೯೩೬ರಲ್ಲಿ ಕ್ಯಾಡಿಗಳ ಹಳೆಯ ಮೇಸ್ತ್ರಿ ಕೆಲಸ ಬಿಟ್ಟಿದ್ದರಿಂದ, ಗೆದ್ದವನೇ ಮುಂದಿನ ಮೇಸ್ತ್ರಿ ಎಂದು ಕ್ಲಬ್ಬಿನ ಸೆಕ್ರೆಟರಿ ದೊರೆ ಹೇಳಿಬಿಟ್ಟರು. ಸಮ ಬಂದರೆ ವಯಸ್ಸಿನಲ್ಲಿ ಹಿರಿಯನಿಗೆ. ಮೇಸ್ತ್ರಿಗೆ ಕ್ಲಬ್ಬಿನ ಹಿಂದೆ ಹೆಂಚಿನ ಮನೆ, ಮುಂದೆ ಅಂಗಳ, ಅಂಗಳದಲ್ಲಿ ಹೊಂಗೆ ಮರ. ಅವ್ವ ಆ ಮನೆಯನ್ನು ಬೇಲಿಯಾಚೆಯಿಂದ ನೋಡಿ ಬಂದು, ಕೆಂಪಿಯನ್ನು ಮರದ ಯಾವ ಕಡೆ ಕಟ್ಟಬೇಕು ಅನ್ನುವುದನ್ನೂ ತೀರ್ಮಾನಿಸಿದಳು. ಅಪ್ಪ ಗೆಲ್ಲುವುದೊಂದು ಬಾಕಿ ಇತ್ತು.

ಬಾಕಿ ಇದ್ದದ್ದು ಸಣ್ಣ ಸಂಗತಿಯಲ್ಲ. ಅಪ್ಪ ದೂರದ ಹೊಡೆತದಲ್ಲಿ ಹುಲಿ. ಚೆಂಡು ಗುಳಿಯ ಹತ್ತಿರ ಬಂದಾಗ ಮಾತ್ರ ಇಲಿ. ಗುಳಿಯ ಸುತ್ತಲಿನ ಜಾಗಕ್ಕೆ ಅವರು 'ಬ್ರೌನು' ಅನ್ನುತ್ತಿದ್ದರು. ಅಲ್ಲಿ ಚೆಂಡನ್ನು ಮೆಲ್ಲಗೆ ಉರುಳಿಸಬೇಕು. ಅಪ್ಪನ ಕೈ ಒಂದು ಸಲ ಧಡಕ್ಕನೆ ಮುಂದೆ ನುಗ್ಗಿ ಚೆಂಡು ಆಚೆ ಪೊದೆ ಸೇರುತ್ತಿತ್ತು, ಇನ್ನೊಂದು ಸಲ ಅರ್ಧಕ್ಕೇ ನಿಂತು ಚೆಂಡು ಎರಡು ಗೇಣು ಹೋಗಿ ಕೂರುತ್ತಿತ್ತು. ಎರಡು ವರ್ಷ ಹೀಗೆಯೇ ಆರುಮುಗಂ ಎದುರು ಸೋತಿದ್ದರು. ಆರುಮುಗಂ ಆಂಡರ್ಸನ್‌ಪೇಟೆಯವನು, ಅಪ್ಪನಿಗಿಂತ ಆರು ವರ್ಷ ದೊಡ್ಡವನು, ಪ್ರಾಣಸ್ನೇಹಿತ. ಅವನ ಕೈಗೆ ಬ್ರೌನಿನ ಪ್ರತಿ ಮೂಲೆಯೂ ಗೊತ್ತಿತ್ತು.

ಧನುರ್ಮಾಸದಲ್ಲಿ ಅಪ್ಪ ಒಂದು ಹಳೇ ಕೋಲು ತಂದು ಸಂಜೆಗಳಲ್ಲಿ ಮನೆಯ ಮುಂದೆ ಅಭ್ಯಾಸಕ್ಕೆ ನಿಂತರು. ಅವ್ವ ಸಾರಿಸಿದ ನೆಲವೇ ಮೈದಾನ, ಅಡ್ಡ ಮಲಗಿಸಿದ ಅಕ್ಕಿ ಅಳೆಯುವ ಪಾವೇ ಗುಳಿ. ಅವ್ವ ಬಾಗಿಲಲ್ಲಿ ಕೂತು, ನನ್ನನ್ನು ಸೀರೆಯ ಜೋಲಿಯಲ್ಲಿ ತೂಗುತ್ತ ನಾಲ್ಕು ದಿನ ಸುಮ್ಮನೆ ನೋಡಿದಳು. ಐದನೇ ದಿನ ಬಾಯಿಬಿಟ್ಟಳು.

"ಪಾವು ದೂರ ಇದ್ರೆ ಕ್ವಾಪ ಮಾಡ್ಕೊಂಡು ಒಡೀತೀಯ. ಅತ್ರ ಇದ್ರೆ ಯದ್ರಿಕೊಂಡು ಒಡೀತೀಯ. ಪಾವು ನಿಂಗೇನಯ್ಯಾ ಮಾಡೈತೆ?"

"ನಿಂಗೇನೇ ಗೊತ್ತು ಇದು" ಎಂದರು ಅಪ್ಪ.

"ಇದು ಗೊತ್ತಿಲ್ಲ. ಜೋಲಿ ಗೊತ್ತು. ಇಲ್ನೋಡು. ಸ್ವಲ್ಪ ಎಳ್ದು ಬಿಟ್ರೆ ಸ್ವಲ್ಪ ದೂರ ಓಯ್ತದೆ. ಜಾಸ್ತಿ ಎಳ್ದು ಬಿಟ್ರೆ ಜಾಸ್ತಿ ಓಯ್ತದೆ. ನಾನು ತಳ್ಳಕಿಲ್ಲ. ಎಳೀವಾಗ ಜೋ, ಬಿಡೋವಾಗ ಲಾಲಿ. ಎಷ್ಟೇ ಎಳೀಲಿ, ಪದ ಮಾತ್ರ ಅಷ್ಟೇ. ದೂರಕ್ಕಂತ ನಾನು ಲಾಲಿನ ಅವಸರ ಮಾಡಿದ್ರೆ ಮಗ ಎದ್ದು ಬೊಬ್ಬೆ ಒಡೀತದೆ."

ಅಪ್ಪನಿಗೆ ಕೋಪ ಬಂತು. ಆದರೆ ಅವ್ವ ರಂಗೋಲಿ ಬಟ್ಟಲು ತಂದು, ಚೆಂಡಿನ ಹಿಂದೆ ಗೇಣಿಗೊಂದು ಚುಕ್ಕಿ ಇಟ್ಟಳು. ಹತ್ತಿರಕ್ಕೆ ಕೋಲನ್ನು ಮೊದಲ ಚುಕ್ಕಿಯವರೆಗೆ ಎಳೆಯಬೇಕು, ಇನ್ನಷ್ಟು ದೂರಕ್ಕೆ ಎರಡನೆಯದು, ಆರುಮುಗಂ ಹೊಟ್ಟೆ ಉರಿಸುವಷ್ಟು ದೂರಕ್ಕೆ ಮೂರನೆಯದು. ಎಲ್ಲದಕ್ಕೂ ಅದೇ ಜೋ, ಅದೇ ಲಾಲಿ. ಲೈನಿನ ಹೆಂಗಸರು ಸುತ್ತ ಕೂತು ನಗುತ್ತಿದ್ದರು. ಮೀಸೆಯ ಗಂಡಸು ಚೆಂಡಿನ ಮುಂದೆ ಬಗ್ಗಿ ಜೋಗುಳ ಗುನುಗುವುದನ್ನು ಅವರು ಎಲ್ಲಿ ನೋಡಿರುತ್ತಾರೆ? ಹದಿನೈದು ದಿನಕ್ಕೆ ಹತ್ತರಲ್ಲಿ ಎಂಟು ಚೆಂಡು ಪಾವಿನೊಳಗೆ ಬೀಳತೊಡಗಿದವು. ಆಮೇಲೆ ಅಪ್ಪನ ಕೋಪ ಇಳಿಯಿತು, ಆದರೆ ಅದು ತನ್ನದೇ ಸಾಧನೆ ಎಂದು ಹೇಳಿಕೊಳ್ಳುವುದು ಶುರುವಾಯಿತು.

ಹಬ್ಬದ ಹಿಂದಿನ ದಿನ ಮೈದಾನದ ಕಸ ಗುಡಿಸುವ ಪಾಪಕ್ಕ ಮನೆಗೆ ಬಂದಳು. ಎಂಟು ಗುಳಿಗಳ ಜಾಗ ಗುಡಿಸಿ ಮುಗಿದಿತ್ತು, ಕ್ಲಬ್ಬಿನ ಮುಂದಿನ ಒಂಬತ್ತನೆಯದು ಉಳಿದಿತ್ತು. ಹಬ್ಬಕ್ಕೆ ಅವಳು ಊರಿಗೆ ಹೊರಟಿದ್ದಳು. "ಬೆಳಿಗ್ಗೆ ಅದೊಂದು ನೀನು ಚೊಕ್ಕ ಮಾಡಿಬಿಡಕ್ಕ, ದೊರೆಗಳೆಲ್ಲ ಅಲ್ಲೇ ಕುರ್ಚಿ ಆಕ್ಕೊಂಡು ಕೂತ್ಕೊಂತಾರೆ" ಎಂದಳು. ಅವ್ವ ಸಂತೋಷದಿಂದ ಒಪ್ಪಿದಳು. ಪಂದ್ಯವನ್ನು ಹತ್ತಿರದಿಂದ ನೋಡಬಹುದಲ್ಲ.

ಬ್ರೌನು ಎಂದರೆ ಏನು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಆ ನೀರಿಲ್ಲದ ನೆಲದಲ್ಲಿ ಹುಲ್ಲು ಬೆಳೆಸಲಾಗದೆ, ಮರಳಿಗೆ ಹಳೇ ಎಣ್ಣೆ ಕಲಸಿ ಗುಳಿಯ ಸುತ್ತ ತೆಳ್ಳಗೆ ಹರಡಿ, ಗೋಣಿ ಎಳೆದು ಸಮ ಮಾಡುತ್ತಿದ್ದರು. ಬೆಳಿಗ್ಗೆ ನನ್ನನ್ನು ಎತ್ತಿಕೊಂಡು ಹೋದ ಅವ್ವ ಅದನ್ನು ನೋಡಿ ಮುಖ ಸಿಂಡರಿಸಿದಳು. ಯಾರೋ ಎಣ್ಣೆ ಚೆಲ್ಲಿ, ಮೇಲೆ ಮರಳು ಹಾಕಿ, ಹಾಗೇ ಬಿಟ್ಟು ಹೋಗಿದ್ದಾರೆ. ವರ್ಷದ ಹಬ್ಬ, ಗಂಡ ಆಡುವ ಜಾಗ, ದೊಡ್ಡವರು ಬಂದು ಕೂರುವ ಜಾಗ. ಅವಳು ಮರಳನ್ನೆಲ್ಲ ಗುಡಿಸಿ ಪಕ್ಕಕ್ಕೆ ಗುಡ್ಡೆ ಹಾಕಿದಳು. ಕೆಳಗಿನ ಗಟ್ಟಿ ನೆಲಕ್ಕೆ ನೀರು ಚಿಮುಕಿಸಿ, ಅಂಗೈ ಅಗಲಿಸಿ ಸಗಣಿಯಿಂದ ಸಾರಿಸಿದಳು. ಒಣಗಿದ ಮೇಲೆ ಗುಳಿಯ ಸುತ್ತ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಬಿಟ್ಟಳು, ನಾಲ್ಕು ಮೂಲೆಗೆ ಕಬ್ಬಿನ ಜಲ್ಲೆ ಬಿಡಿಸಿದಳು. ಅಂಥ ರಂಗೋಲಿಯನ್ನು ಮತ್ತೆಂದೂ ಬಿಟ್ಟಿಲ್ಲ ಎಂದು ಈಗಲೂ ಹೇಳುತ್ತಾಳೆ. ಆಮೇಲೆ ಪಕ್ಕದ ಮರಕ್ಕೆ ಜೋಲಿ ಕಟ್ಟಿ ನನ್ನನ್ನು ಮಲಗಿಸಿ, ತಾನು ಕೂತಳು.

ಹನ್ನೊಂದು ಗಂಟೆಗೆ ಅಪ್ಪ ಮತ್ತು ಆರುಮುಗಂ ಒಂಬತ್ತನೆಯದಕ್ಕೆ ಬಂದರು. ಅಲ್ಲಿವರೆಗೆ ಇಬ್ಬರೂ ಸಮ. ಉಳಿದವರು ಎಷ್ಟೋ ಹಿಂದೆ. ಬ್ರೌನಿನ ಅಂಚಿಗೆ ಇಬ್ಬರ ಚೆಂಡೂ ತಲಾ ಒಂದೇ ಹೊಡೆತದಲ್ಲಿ ಬಂದು ನಿಂತವು. ಆರುಮುಗಂ ರಂಗೋಲಿ ನೋಡಿ ಕಣ್ಣುಜ್ಜಿಕೊಂಡ. ಇದು ದೊರೆಗಳದೇ ಏನೋ ಏರ್ಪಾಡು ಎಂದುಕೊಂಡು, ಮರಳಿಗೆ ಕೊಡುವಷ್ಟೇ ಕೊಟ್ಟು ಹೊಡೆದ. ಸಾರಿಸಿದ ನೆಲದ ಮೇಲೆ ಚೆಂಡು ಸರ್ರನೆ ಜಾರಿ, ಗುಳಿ ದಾಟಿ, ಕಣಗಿಲೆ ಪೊದೆ ಹೊಕ್ಕಿತು. ಅಪ್ಪ ಮಾತ್ರ ಮನೆಯ ಮುಂದೆಯೇ ಇರುವವರ ಹಾಗೆ ನಿಂತು, ಎರಡನೇ ಚುಕ್ಕಿಯಷ್ಟು ಎಳೆದು, ಒಂದೇ ಏಟಿಗೆ ಚೆಂಡನ್ನು ಗುಳಿಯೊಳಗೆ ಇಳಿಸಿದರು.

ಅವ್ವ ಕೆಂಪಿಯನ್ನು ಮನಸ್ಸಿನಲ್ಲೇ ಮರಕ್ಕೆ ಕಟ್ಟಿದಳು.

ಆರುಮುಗಂ ಪೊದೆಯಿಂದ ಎದ್ದು ಬಂದ. "ಇದು ಯಾರು ಮಾಡಿದ ಕೆಲಸ?" ಎಂದು ಕೇಳಿದ. ಅವ್ವ ಹೆಮ್ಮೆಯಿಂದ ಎದ್ದು, "ನಾನೇ ಕಣಣ್ಣ. ಎಂಗೈತೆ?" ಎಂದಳು. ಆರುಮುಗಂ ಮುಖ ಕೆಂಪಾಯಿತು. ಗಂಡ ಅಭ್ಯಾಸ ಮಾಡಿದ ನೆಲವನ್ನೇ ಹೆಂಡತಿ ತಂದು ಹಾಸಿದ್ದಾಳೆ, ಇದು ಮೋಸ ಎಂದು ದೊರೆಗೆ ತಮಿಳಿನಲ್ಲಿ ಹೇಳಿದ. ಅವ್ವನಿಗೆ ಆಗ ತಾನು ಮಾಡಿದ್ದೇನು ಅಂತ ಅರ್ಥವಾಯಿತು. ಅಳು ಬಂತು. ತನ್ನ ಬಗ್ಗೆ ಮೋಸ ಅನ್ನುವ ಮಾತನ್ನು ಅವಳು ಯಾರ ಬಾಯಲ್ಲೂ ಕೇಳಿಸಿಕೊಂಡವಳಲ್ಲ.

ಸೆಕ್ರೆಟರಿ ದೊರೆ ರಂಗೋಲಿಯನ್ನು ಎರಡು ಸುತ್ತು ಹಾಕಿ ನೋಡಿದರು. ನೆಲ ಇಬ್ಬರಿಗೂ ಒಂದೇ ಅಲ್ಲವೇ, ಆಟ ಮುಗಿಯಿತು ಎನ್ನುವುದರಲ್ಲಿದ್ದರು. ಅಷ್ಟರಲ್ಲಿ ಅಪ್ಪ ಕೈಮುಗಿದರು.

"ಬ್ಯಾಡ ದೊರೆ. ಮರಳು ಆಕ್ಸಿ. ಮತ್ತೆ ಒಡೀತೀವಿ. ಆರುಮುಗಂ ಸುಳ್ಳು ಯೋಳೋನಲ್ಲ, ನನ್ನೆಂಡ್ತೀನೂ ಮೋಸ ಮಾಡೋಳಲ್ಲ."

ಅವ್ವನಿಗೆ ಎರಡೂ ಒಟ್ಟಿಗೆ ಆಯಿತು. ಗಂಡ ತನ್ನ ಮಾನ ಉಳಿಸಿದ ಅಂತ ಎದೆ ತುಂಬಿತು, ಕಟ್ಟಿದ ಹಸುವನ್ನು ಬಿಚ್ಚಿಬಿಟ್ಟ ಅಂತ ಮೈ ಉರಿಯಿತು. ಹಬ್ಬದ ದಿನ ತಾನು ಬಿಟ್ಟ ರಂಗೋಲಿಯನ್ನು ತಾನೇ ಅಳಿಸಿ, ಗುಡ್ಡೆಯ ಮರಳನ್ನು ಮೊರದಲ್ಲಿ ತಂದು ಹರಡಿದಳು. ಗೋಣಿ ಎಳೆದು, ಸಾಲದೆಂದು ಅಂಗೈಯಿಂದಲೂ ಸವರಿ ಸಮ ಮಾಡಿದಳು. ಎಣ್ಣೆ ಮರಳು ಬೆರಳನ್ನು ಹಿಡಿದು ಹಿಡಿದು ಬಿಡುತ್ತಿತ್ತು.

ಚೆಂಡುಗಳನ್ನು ಮೊದಲಿದ್ದ ಜಾಗಕ್ಕೆ ತಂದಿಟ್ಟರು. ಆರುಮುಗಂ ಎರಡು ಹೊಡೆತದಲ್ಲಿ ಮುಗಿಸಿದ. ಅಪ್ಪ ಎಂಟು ಹೆಜ್ಜೆಯಿಂದ ಒಂದರಲ್ಲಿ ಇಳಿಸಿದರೆ ಗೆಲುವು. ಎರಡಾದರೆ ಸಮ, ಮನೆ ಆರುಮುಗಂಗೆ. ಅಪ್ಪ ಬಗ್ಗಿದರು. ನೆಲದಲ್ಲಿ ಚುಕ್ಕಿ ಇರಲಿಲ್ಲ. ಬರಿಯ ಕಂದು ಮರಳು. ಕೋಲನ್ನು ಎಷ್ಟು ಎಳೆಯಬೇಕೆಂದು ತಿಳಿಯಲಿಲ್ಲ. ಅವರು ಎದ್ದು ನಿಂತರು, ಮತ್ತೆ ಬಗ್ಗಿದರು.

ಆಗ ನಾನು ಅತ್ತೆ. ಜೋರಾಗಿಯೇ ಅತ್ತೆನಂತೆ. ಕ್ಯಾಡಿಗಳೆಲ್ಲ ಉಸ್ ಉಸ್ ಎಂದರು, ಒಬ್ಬ ದೊರೆಸಾನಿ ಕುರ್ಚಿಯಿಂದ ತಿರುಗಿ ನೋಡಿದಳು. ಅವ್ವ ಓಡಿಬಂದು ಜೋಲಿ ಹಿಡಿದು ಹಿಂದಕ್ಕೆ ಎಳೆದಳು. "ಜೋ" ಎಂದಳು. ಬಿಟ್ಟಳು. "ಲಾಲಿ" ಎಂದಳು. ಕೊಂಬೆ ಕಿರ್ರೆಂದಿತು. ಮತ್ತೆ ಎಳೆದಳು, ಬಿಟ್ಟಳು. ಮೂರನೇ ಜೋಗೆ ಅಪ್ಪನ ಕೋಲು ಹಿಂದಕ್ಕೆ ಹೋಯಿತು, ಮೂರನೇ ಲಾಲಿಗೆ ಮುಂದಕ್ಕೆ ಬಂತು. ಅವಸರವಿಲ್ಲ, ಹೆದರಿಕೆಯಿಲ್ಲ. ಚೆಂಡು ಮರಳಿನಲ್ಲಿ ಸಣ್ಣ ಗೆರೆ ಎಳೆಯುತ್ತ ಹೋಗಿ, ಗುಳಿಯ ಬಾಯಲ್ಲಿ ಒಂದು ಕ್ಷಣ ನಿಂತು, ಒಳಗೆ ಬಿತ್ತು.

ಮೊದಲು ಓಡಿಬಂದು ಅಪ್ಪನನ್ನು ಎತ್ತಿಕೊಂಡವನು ಆರುಮುಗಂ. ಮಾರನೆಯ ದಿನ ಕಾಮಸಮುದ್ರದಿಂದ ಕೆಂಪಿಯನ್ನು ಹೊಡೆದುಕೊಂಡು ಬರಲು ಅಪ್ಪನ ಜೊತೆ ಹೋದವನೂ ಅವನೇ. ದಾರಿಯುದ್ದಕ್ಕೂ ಅವನು ಅಪ್ಪನಿಗೆ ಜೋಗುಳ ಹೇಳಿ ರೇಗಿಸಿದನಂತೆ. ಹೆಂಚಿನ ಮನೆಗೆ ಬಂದ ಮೇಲೆ ನಮ್ಮ ಅಂಗಳದಲ್ಲಿ ಸಗಣಿಗೆ ಕೊರತೆಯಾಗಲಿಲ್ಲ. ಅಪ್ಪ ಮೇಸ್ತ್ರಿಯಾಗಿ ಎಲ್ಲ ಕ್ಯಾಡಿಗಳಿಗೂ ಜೋ, ಲಾಲಿ ಕಲಿಸಿದರು, ಕ್ಯಾಡಿಗಳಿಂದ ದೊರೆಗಳು ಕಲಿತರು. ದಪ್ಪ ಮೀಸೆಯ ದೊರೆಗಳು ಬ್ರೌನಿನ ಮೇಲೆ ಬಗ್ಗಿ ತುಟಿ ಅಲ್ಲಾಡಿಸುವುದನ್ನು ನಾನೇ ಬೇಲಿಯ ಮೇಲೆ ಕೂತು ನೋಡಿ ನಕ್ಕಿದ್ದೇನೆ. ಇಷ್ಟಾದರೂ ಅಪ್ಪ ಆ ದಿನದ ಮಾತು ಬಂದರೆ, "ಮಗ ಅತ್ತಿದ್ದು ನಂಗೆ ಕೇಳ್ಸೇ ಇಲ್ಲ. ಕೈಯ್ಯಿ ಪಳಗಿತ್ತು, ಬಿತ್ತು" ಎಂದೇ ಸಾಧಿಸುತ್ತಿದ್ದರು.

ನನಗೆ ಹತ್ತು ವರ್ಷವಾದಾಗ ತಮ್ಮ ಹುಟ್ಟಿದ. ಒಂದು ಸಂಜೆ ಹೊಂಗೆ ಮರದ ಕೆಳಗೆ ನಾನು ಅವನ ಜೋಲಿ ತೂಗುತ್ತಿದ್ದೆ, ಅವ್ವ ಕೆಂಪಿಯ ಹಾಲು ಕರೆಯುತ್ತಿದ್ದಳು. ಅಪ್ಪ ನನ್ನ ಪಕ್ಕ ಕೂತು ಸ್ವಲ್ಪ ಹೊತ್ತು ಜೋಲಿಯನ್ನೇ ನೋಡಿದರು.

"ಅವತ್ತು ನಿಮ್ಮವ್ವ ಮನೇಲಿ ನಿನ್ನ ತೂಗೋ ಅಂಗೆ ತೂಗಿಲ್ಲ ಕಣಮ್ಮಿ" ಎಂದರು. "ಒಂದು ಗೇಣು ಜಾಸ್ತಿ ಎಳ್ದಿದ್ಲು. ಮರಳು ಸವರಿದ ಕೈಯ್ಯಲ್ವಾ, ಅದು ಚೆಂಡನ್ನ ಎಷ್ಟು ಇಡೀತದೆ ಅಂತ ಆ ಕೈಗೆ ಗೊತ್ತಿತ್ತು. ನಾನು ಗುಳಿ ನೋಡ್ಲೇ ಇಲ್ಲ. ಅವಳ ಕೈ ಎಷ್ಟು ಇಂದಕ್ಕೆ ಓಯ್ತೋ ಅಷ್ಟೇ ಕೋಲು ಎಳ್ದೆ."

ಅವ್ವ ತಿರುಗಿ ನೋಡದೆ ಹಾಲು ಕರೆಯುತ್ತಲೇ ಇದ್ದಳು.

"ಇದನ್ನ ಯೋಳಕ್ಕೆ ಅತ್ತು ವರ್ಷ ಬೇಕಾಯ್ತು ನೋಡು ನಿಮ್ಮಪ್ಪಂಗೆ" ಎಂದಳು. ಅಪ್ಪ ನಗುತ್ತ ಎದ್ದು ಹೋಗಿ, ಅವಳ ಕೈಯಿಂದ ತಂಬಿಗೆ ಇಸಿದುಕೊಂಡರು.