ಲಟ್ಟಣಿಗೆ ಹಿಡಿಯ ಕಾಫಿ ಮಷೀನು

ನಮ್ಮ ಅತ್ತೆ ಕಾಫಿ ಬಿಟ್ಟರು ಎಂಬ ಸುದ್ದಿಯನ್ನು ಹೊಸಪೇಟೆಯ ನಮ್ಮ ಓಣಿಯಲ್ಲಿ ಮೊದಮೊದಲು ಯಾರೂ ನಂಬಲಿಲ್ಲ. ಏಕಾದಶಿಗೆ ಅನ್ನ ಬಿಟ್ಟಾರು, ಚಾತುರ್ಮಾಸದಲ್ಲಿ ಬೇಳೆ ಬಿಟ್ಟಾರು, ಕಾಫಿ ಬಿಡುವ ಪೈಕಿ ಅಲ್ಲ ಅವರು. ಆದರೆ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈಗೆ ಹಿಡಿತ ಬರಲಿಲ್ಲ. ಹಿತ್ತಾಳೆ ಫಿಲ್ಟರ್ ಬಿಚ್ಚುವುದಕ್ಕಾಗಲಿ, ಉಕ್ಕುವ ಹಾಲಿನ ಪಾತ್ರೆ ಇಳಿಸುವುದಕ್ಕಾಗಲಿ ಆ ಕೈ ಒಲ್ಲೆ ಅಂದಿತು. ಒಂದು ಬೆಳಿಗ್ಗೆ ಫಿಲ್ಟರನ್ನು ತೊಳೆಸಿ, ಒರೆಸಿ, ಮೇಲಿನ ಕಪಾಟಿನಲ್ಲಿ ಇಡಿಸಿ, ಇನ್ನು ಮುಂದೆ ತಮಗೆ ಕಾಫಿ ಬೇಡವೆಂದು ಸಾರಿಬಿಟ್ಟರು.

ಸೊಸೆ ಮಾಡಿಕೊಡಬಾರದೇ ಎಂದು ನೀವು ಕೇಳಬಹುದು. ಮಾಡಿಕೊಟ್ಟಳು. ಆ ಸೊಸೆ ನಾನೇ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ, ಮಕ್ಕಳು ಪಾಸಾಗುತ್ತಾರೆ. ಕಾಫಿಯಲ್ಲಿ ಮಾತ್ರ ನಾನು ಪ್ರತಿ ಸಲವೂ ಫೇಲು. ಕಂಪ್ಲಿಯ ನನ್ನ ತವರಿನವರೇ ನಾನು ಅಡುಗೆಮನೆ ಕಡೆ ಹೊರಟರೆ ಈಗಷ್ಟೇ ಕುಡಿದೆವು ಎನ್ನುತ್ತಾರೆ. ಅತ್ತೆ ನಾನು ಕೊಟ್ಟ ಲೋಟವನ್ನು ಮೂಗಿನ ತನಕ ಒಯ್ದು, ಕೆಳಗಿಟ್ಟು, ಹಿತ್ತಿಲ ಕರಿಬೇವಿನ ಗಿಡದ ಕಡೆ ನೋಡಿದರು. ಮಧ್ಯಾಹ್ನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಗಿಡದ ಬುಡ ಒದ್ದೆಯಾಗಿತ್ತು. ಲೋಟ ಖಾಲಿ.

ಮೊದಲ ಕೆಲವು ದಿನ ಅವರು ತಲೆಗೆ ಬಟ್ಟೆ ಬಿಗಿದುಕೊಂಡು ಓಡಾಡಿದರು. ಕೇಳಿದರೆ ಬಿಸಿಲಿನ ತಲೆನೋವು ಅನ್ನುವರು. ಅದಾದ ಮೇಲೆ ಅವರು ಬೈಯುವುದನ್ನೇ ನಿಲ್ಲಿಸಿದರು. ಅದು ನನ್ನನ್ನು ನಿಜಕ್ಕೂ ಹೆದರಿಸಿತು. ಮದುವೆಯಾದಾಗಿನಿಂದ ಬೆಳಗಿನ ಕಾಫಿಯ ಹಿಂದೆಯೇ ನನಗೊಂದು ಬೈಗುಳ ಬರುತ್ತಿತ್ತು. ಹಾಲು ಮುಚ್ಚಿಟ್ಟಿಲ್ಲ, ಒಗೆದ ಬಟ್ಟೆ ಕೊಡವಿ ಹಾಕಿಲ್ಲ, ಕೂದಲು ಬಿಟ್ಟುಕೊಂಡು ಅಡುಗೆಮನೆಗೆ ಬಂದೆ. ಈಗ ಹಾಲು ಉಕ್ಕಿ ಒಲೆ ಆರಿದರೂ ಅವರು ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತ ಕೂರುವರು. ನನ್ನ ಗಂಡ ಬೆಳಿಗ್ಗೆ ಬಸ್ಸಿನಲ್ಲಿ ಸಂಡೂರಿನ ಗಣಿಗೆ ಹೋಗಿ ಸಂಜೆ ಅಂಗಿಗೆಲ್ಲ ಕೆಂಪು ಧೂಳು ಮೆತ್ತಿಸಿಕೊಂಡು ಬರುವವರು. ಚಹಾ, ಕಾಫಿ ಎರಡೂ ಅವರಿಗೆ ಬಿಸಿ ನೀರಿನ ಎರಡು ಹೆಸರು. ಅವರಿಗೂ ಇದು ಗೊತ್ತಾಯಿತು. "ಅಮ್ಮ ಬೈಯೂದು ಬಿಟ್ಟಾಳ ಅಂದ್ರ ಡಾಕ್ಟರಿಗೆ ತೋರಿಸಬೇಕು" ಅಂದರು.

ಡಾಕ್ಟರಿಗೆ ಯಾಕೆ, ಕಾಫಿ ಕುಡಿಸಬೇಕು ಎಂದು ನಾನು ಹಟ ತೊಟ್ಟೆ. ಫಿಲ್ಟರ್ ಕಾಫಿ ಕೈಗುಣದ್ದು, ಅದು ನನ್ನಲ್ಲಿಲ್ಲ. ಆದರೆ ಜಗತ್ತಿನಲ್ಲಿ ಕೈಗುಣ ಬೇಡದ, ಬರೀ ಒತ್ತಡದಿಂದ ಆಗುವ ಕಾಫಿಯೂ ಇದೆಯಲ್ಲ. ಒತ್ತಡ ನನ್ನ ಸಬ್ಜೆಕ್ಟು.

ಅಂಥದೊಂದು ಯಂತ್ರ ಇರುವುದು ನನಗೆ ಗೊತ್ತಿತ್ತು. ಹಂಪಿಯ ಹತ್ತಿರ, ಹೊಳೆಯಾಚೆಯ ಗೆಸ್ಟ್ ಹೌಸೊಂದರಲ್ಲಿ ಬಹಳ ವರ್ಷ ಇದ್ದ ವಿದೇಶಿಯೊಬ್ಬ ಊರಿಗೆ ಹೋಗುವಾಗ ಬಿಟ್ಟುಹೋಗಿದ್ದ ಹಳೆಯ ಎಸ್‌ಪ್ರೆಸೊ ಮಷೀನು. ಹಿತ್ತಾಳೆಯ ಬಾಯ್ಲರ್, ಮೇಲೆ ಮಸುಕಾದ ಬೆಳ್ಳಿಬಣ್ಣ, ಪಕ್ಕಕ್ಕೆ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಮುಂದುಗಡೆ ಕೈಯಿಂದ ಎಳೆಯುವ ಉದ್ದನೆಯ ಸನ್ನೆ, ಅಂದರೆ ಲಿವರ್. ಗೆಸ್ಟ್ ಹೌಸಿನ ಯಜಮಾನ ಅದರ ತಲೆಯ ಮೇಲೆ ಮನಿಪ್ಲಾಂಟ್ ಬೆಳೆಸಿದ್ದ. ನಮ್ಮ ಮಿಕ್ಸರ್ ಕೊಟ್ಟರೆ ಇದನ್ನು ಕೊಡುತ್ತೇನೆ ಅಂದ. ಕೊಟ್ಟೆ. ಆ ಸಂಜೆ ಚಟ್ನಿ ರುಬ್ಬಲು ಹೋದ ಅತ್ತೆಗೆ ಮಿಕ್ಸರಿನ ಜಾಗದಲ್ಲಿ ಮನಿಪ್ಲಾಂಟಿನ ಮಣ್ಣು ಹತ್ತಿದ ಈ ಪ್ರಾಣಿ ಕಂಡಿತು. ಬೈಯುತ್ತಾರೆ ಎಂದು ನಾನು ಆಸೆಯಿಂದ ಕಾದೆ. ಬೈಯಲಿಲ್ಲ, ಒರಳು ತೊಳೆದಿಡಲು ಹೇಳಿ ಹೊರಟುಹೋದರು.

ಯಂತ್ರದ ತತ್ವ ಸರಳ. ಸನ್ನೆಯನ್ನು ಕೆಳಗೆ ಎಳೆದರೆ ಒಳಗಿನ ಸ್ಪ್ರಿಂಗ್ ಕುಗ್ಗಿ, ಪಿಸ್ಟನ್ ಮೇಲೇರಿ, ಬಿಸಿನೀರು ಕಾಫಿಪುಡಿಯ ಮೇಲೆ ಬಂದು ನಿಲ್ಲುತ್ತದೆ. ಕೈಬಿಟ್ಟರೆ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಲಾರಿ ಟೈರಿನ ಗಾಳಿಯಷ್ಟು ಒತ್ತಡದಲ್ಲಿ ಆ ನೀರನ್ನು ಪುಡಿಯೊಳಗೆ ತುರುಕುತ್ತದೆ, ಸನ್ನೆ ತಾನಾಗಿ ನಿಧಾನ ಮೇಲೇರುತ್ತದೆ. ಬೋರ್ಡಿನ ಮೇಲೆ ಚಿತ್ರ ಬರೆದು ಐದು ಅಂಕಕ್ಕೆ ಕೇಳಬಹುದಾದ ಪ್ರಶ್ನೆ. ನಮ್ಮದರಲ್ಲಿ ಮಾತ್ರ ಪಿಸ್ಟನ್ನಿನ ರಬ್ಬರು ಒಣಗಿ ಹಪ್ಪಳವಾಗಿತ್ತು, ನೀರು ಪುಡಿಯನ್ನು ಬಿಟ್ಟು ಎಲ್ಲ ಕಡೆಯಿಂದಲೂ ಬರುತ್ತಿತ್ತು.

ನನ್ನ ಬುದ್ಧಿ ಓಡಿದ್ದು ಪಂಪಿನ ಕಡೆಗೆ. ಟ್ರ್ಯಾಕ್ಟರ್ ಚಕ್ರಕ್ಕೆ ಗಾಳಿ ಹೊಡೆಯುವ ದೊಡ್ಡ ಕೈಪಂಪಿನ ವಾಷರ್ ತಂದು, ಅಂಚು ಕತ್ತರಿಸಿ, ಎಣ್ಣೆ ಸವರಿ ಕೂರಿಸಿದರೆ ಎಷ್ಟು ಚೆಂದ ಕೂತಿತು ಎಂದರೆ ನನಗೆ ನಾನೇ ಬೆನ್ನು ತಟ್ಟಿಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಮಡಿಯುಟ್ಟು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಅತ್ತೆ ಅದೇನದು ಎಂದು ಕೇಳಿದರು. ವಾಷರ್ ಅಂದೆ. ಯಾತರ ವಾಷರ್ ಎಂದು ಮತ್ತೆ ಕೇಳಿದರು. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ. ಚರ್ಮದ್ದು ಅಂದೆ. ಮೂರು ಹೊತ್ತು ಸಾಲಿಗ್ರಾಮದ ನೈವೇದ್ಯ ತಯಾರಾಗುವ ಕಟ್ಟೆಯ ಮೇಲೆ ನಾನು ಚರ್ಮ ತಂದಿಟ್ಟು ಎಣ್ಣೆ ಸವರುತ್ತ ಕೂತಿದ್ದೆ. ಅತ್ತೆ ತೋರುಬೆರಳು ಹಿತ್ತಿಲ ಕಡೆ ಮಾಡಿದರು. ಯಂತ್ರ ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಹೋಯಿತು. ನಾನು ಕಟ್ಟೆಯನ್ನು ತೊಳೆದೆ, ನೆಲ ತೊಳೆದೆ, ಕಡೆಗೆ ತಲೆಗೂ ನೀರು ಹಾಕಿಕೊಂಡೆ.

ಗಣಿ ಲಾರಿಗಳ ಬಿಡಿಭಾಗ ಮಾರುವ ಸಾಲಿನಲ್ಲಿ ಜಾಕಿನ ಸೀಲು ಮಾಡಿಕೊಡುವ ಅಂಗಡಿಯಿದೆ ಎಂದು ಗಂಡ ಹೇಳಿದರು. ಪಿಸ್ಟನ್ನನ್ನು ಕೈಚೀಲದಲ್ಲಿ ಹಾಕಿಕೊಂಡು ಹೋದೆ. ಅಂಗಡಿಯವನು ಅದನ್ನು ಹೊರಳಿಸಿ ನೋಡಿ, "ಯಾವ ಗಾಡಿದ್ರಿ ಮೇಡಂ, ಟಿಪ್ಪರೋ ಡೋಜರೋ?" ಎಂದ. ಕಾಫಿಯದು ಅಂದೆ. ಅವನು ಪಕ್ಕದ ಅಂಗಡಿಯವನನ್ನೂ ಕರೆದು ತೋರಿಸಿದ. ಇಬ್ಬರೂ ನಕ್ಕು ಮುಗಿಸಿದ ಮೇಲೆ ಬಿಳಿಯ ಟೆಫ್ಲಾನ್ ದಿಂಡಿನಿಂದ ಲೇತಿನಲ್ಲಿ ಎರಡು ಬಳೆ ತೆಗೆದುಕೊಟ್ಟ. ಮನೆಗೆ ಬಂದು ಅತ್ತೆಯ ಮುಂದೆ ಹಿಡಿದು, ಇದು ನಾನ್‌ಸ್ಟಿಕ್ ತವಾಕ್ಕೆ ಹಚ್ಚುವ ಪದಾರ್ಥವೇ, ಇದಕ್ಕೂ ಯಾವ ಜೀವಕ್ಕೂ ಸಂಬಂಧವಿಲ್ಲ ಎಂದು ಪಾಠ ಮಾಡಿದೆ. ಯಂತ್ರಕ್ಕೆ ನಡುಮನೆಯ ತನಕ ಪ್ರವೇಶ ಸಿಕ್ಕಿತು.

ಮೊದಲ ಪ್ರಯೋಗಕ್ಕೆ ಮನೆಯಲ್ಲಿದ್ದ ಪುಡಿಯನ್ನೇ ಹಾಕಿದೆ. ಚಿಕೋರಿ ಬೆರೆತ ನುಣುಪಾದ ಪುಡಿ. ಚಿಕೋರಿ ನೀರು ಕುಡಿದು ಉಬ್ಬಿ ಕೆಸರಿನಂತೆ ಮುಚ್ಚಿಕೊಳ್ಳುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಸನ್ನೆ ಎಳೆದೆ, ಬಿಟ್ಟೆ. ಅದು ಅರ್ಧಕ್ಕೇ ನಿಂತಿತು. ಒಂದು ಹನಿಯೂ ಬರಲಿಲ್ಲ. ಹನಿ ಬರಲಿಲ್ಲವೆಂದರೆ ಒತ್ತಡವೆಲ್ಲ ಒಳಗೇ ಇದೆ ಎಂದು ಮಕ್ಕಳಿಗೆ ಕಲಿಸುವ ನಾನು, ಏನಾಯಿತು ನೋಡೋಣ ಎಂದು ಯಂತ್ರದ ಬಾಯಿಗೆ ಸಿಕ್ಕಿಸಿದ್ದ ಪುಡಿಯ ಬಟ್ಟಲನ್ನು ತಿರುವಿ ಬಿಚ್ಚಿದೆ. ಢಬ್ ಅಂದಿತು. ಗೋಡೆ, ಪಂಚಾಂಗದ ಕ್ಯಾಲೆಂಡರು, ಫ್ಯಾನಿನ ರೆಕ್ಕೆ, ನನ್ನ ಕನ್ನಡಕ ಎಲ್ಲ ಕಡೆ ಬಿಸಿ ಕಾಫಿಪುಡಿ ಸಿಡಿಯಿತು. ಕೈಗೆ ತಾಗಿದ್ದು ಸ್ವಲ್ಪವೇ, ಪುಣ್ಯ. ಕನ್ನಡಕ ಒರೆಸಿಕೊಂಡು ನೋಡಿದರೆ ಅತ್ತೆ ಬಾಗಿಲಲ್ಲಿದ್ದರು.

"ಹೋಳಿ ಹುಣ್ಣಿಮಿ ಇನ್ನೂ ದೂರ ಅದಲ್ಲ?" ಅಂದರು.

ಬೈಗುಳವಲ್ಲ, ಆದರೆ ಅದರ ನೆಂಟಸ್ತನದ್ದು. ನನಗೆ ಆದ ಖುಷಿಗೆ ಗೋಡೆ ಒರೆಸುವ ಬೇಸರವೂ ಆಗಲಿಲ್ಲ.

ಚಿಕೋರಿಯಿಲ್ಲದ ಪುಡಿ ತಂದೆ, ಅದು ರವೆಯ ಹಾಗೆ ದಪ್ಪವಿತ್ತು. ನೀರು ಯಾವ ಅಡ್ಡಿಯೂ ಇಲ್ಲದೆ ಸುರಿದುಹೋಗಿ, ಕೈಬಿಟ್ಟ ಸನ್ನೆ ರಪ್ಪನೆ ಮೇಲೆ ಹಾರಿ ಬಗ್ಗಿ ನೋಡುತ್ತಿದ್ದ ನನ್ನ ಗದ್ದಕ್ಕೆ ಬಡಿಯಿತು. ಅತ್ತೆ ಎಡಗೈಯಲ್ಲಿ ಅರಿಶಿನ ಕಲಸಿ ಹಚ್ಚಿದರು. ಮರುದಿನ ಕಾಲೇಜಿನಲ್ಲಿ ಹಳದಿ ಗದ್ದ ಹೊತ್ತು ನ್ಯೂಟನ್ನನ ಮೂರನೆಯ ನಿಯಮ ಹೇಳಿದೆ. ಆ ವರ್ಷ ಅದನ್ನು ಯಾವ ಮಗುವೂ ಮರೆಯಲಿಲ್ಲ.

ಆ ಪೆಟ್ಟಿನಿಂದ ಸನ್ನೆಯ ಹಳೆಯ ಪ್ಲಾಸ್ಟಿಕ್ ಹಿಡಿ ಬಿರುಕುಬಿಟ್ಟಿತು, ಗದ್ದ ಬಿಡಲಿಲ್ಲ. ದಪ್ಪನೆಯ, ಉದ್ದನೆಯ ಹಿಡಿ ಬೇಕಿತ್ತು. ಮನೆಯಲ್ಲಿ ಅಂಥದು ಒಂದೇ ಇತ್ತು, ಅತ್ತೆಯ ತೇಗದ ಲಟ್ಟಣಿಗೆ. ಬಡಗಿಯ ಹತ್ತಿರ ಅದನ್ನು ಅರ್ಧಕ್ಕೆ ಕೊಯ್ಯಿಸಿ, ನಡುವೆ ತೂತು ಕೊರೆಸಿ ಸನ್ನೆಗೆ ಹೊಡೆಸಿದೆ. ಮಿಕ್ಸರ್ ಹೋಯಿತು, ಲಟ್ಟಣಿಗೆಯೂ ಹೋಯಿತು, ಇನ್ನು ಕುಕ್ಕರ್ ಯಾವಾಗ ಹೋಗುತ್ತದೆ ಎಂದು ಗಂಡ ವಿಚಾರಿಸಿಕೊಂಡರು. ಇನ್ನೊಂದು ತೊಡಕು ಲೋಟದ್ದು. ಆ ಮಷೀನು ಗುಬ್ಬಿ ಕುಡಿಯುವಷ್ಟು ಪುಟ್ಟ ಪಿಂಗಾಣಿ ಕಪ್ಪಿಗೆ ಮಾಡಿದ್ದು, ನಮ್ಮ ಸ್ಟೀಲ್ ಲೋಟ ಅದರ ಬಾಯಿ ಕೆಳಗೆ ಹೋಗದು. ತಳದ ತಟ್ಟೆ ಕಿತ್ತೆಸೆದು, ಅಷ್ಟರಲ್ಲಿ ಅತ್ತೆ ಅಡುಗೆಮನೆಯೊಳಕ್ಕೂ ಬಿಟ್ಟುಕೊಂಡಿದ್ದ ಇಡೀ ಯಂತ್ರವನ್ನು ಎರಡು ಕಡಪಾ ಕಲ್ಲಿನ ತುಂಡುಗಳ ಮೇಲೆ ಏರಿಸಿದೆ. ಬೋರ್ ನೀರಿಗೆ ಬಾಯ್ಲರಿನಲ್ಲಿ ಸುಣ್ಣ ಕಟ್ಟುತ್ತದೆಂದು ನಲ್ಲಿಗೆ ಹೊಳೆಯ ನೀರು ಬಿಟ್ಟ ದಿನ ಕೊಡ ತುಂಬಿಟ್ಟುಕೊಂಡೆ. ಪುಡಿಯನ್ನು ಸಣ್ಣ ಕೈಗಿರಣಿಯಲ್ಲಿ ನಾನೇ ಬೀಸಿದೆ. ಒಂದು ದಿನ ನುಣುಪು ಹೆಚ್ಚು, ಒಂದು ದಿನ ಕಡಿಮೆ. ಕರಿಬೇವಿನ ಗಿಡ ಆ ತಿಂಗಳು ಕುಡಿದಷ್ಟು ಕಾಫಿಯನ್ನು ಓಣಿಯಲ್ಲಿ ಇನ್ನಾರೂ ಕುಡಿದಿರಲಾರರು.

ಕೊನೆಗೊಂದು ಭಾನುವಾರ ಬೆಳಿಗ್ಗೆ ಅದು ಕೂಡಿಬಂತು. ಲಟ್ಟಣಿಗೆ ಎಳೆದು, ಉಸಿರು ಹಿಡಿದು ನಿಲ್ಲಿಸಿ, ಬಿಟ್ಟೆ. ಸನ್ನೆ ದೊಡ್ಡ ಮನುಷ್ಯರು ಕುರ್ಚಿಯಿಂದ ಏಳುವ ಹಾಗೆ ನಿಧಾನ ಎದ್ದಿತು. ಕೆಳಗೆ ಜೇನಿನಷ್ಟು ಮಂದವಾದ, ಮೇಲೆ ಹೊಂಬಣ್ಣದ ನೊರೆ ಕಟ್ಟಿದ ಡಿಕಾಕ್ಷನ್ ಎಳೆಯಾಗಿ ಇಳಿಯಿತು. ಪಾಪಿನಾಯಕನಹಳ್ಳಿಯಿಂದ ಬರುವ ಎಮ್ಮೆ ಹಾಲು ಕಾಯಿಸಿ ಬೆರೆಸಿದೆ. ಗಂಡನಿಗೊಂದು ಲೋಟ ಕೊಟ್ಟೆ. ಅವರು ಒಂದು ಗುಟುಕು ಕುಡಿದು, ಪೇಪರ್ ಕೆಳಗಿಟ್ಟು, ಲೋಟವನ್ನು ನೋಡಿದರು. ಇಷ್ಟು ವರ್ಷದಲ್ಲಿ ಅವರು ಕಾಫಿಯನ್ನು ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಇನ್ನೊಂದು ಲೋಟಕ್ಕೆಂದು ಬಟ್ಟಲು ಬಿಚ್ಚಿ, ಬಿಲ್ಲೆಯಾಗಿ ಗಟ್ಟಿ ಕೂತಿದ್ದ ಪುಡಿಯನ್ನು ತಟ್ಟಿ ಕಸದ ಡಬ್ಬಿಗೆ ಹಾಕುತ್ತಿದ್ದೆ. ಅತ್ತೆ ಯಾವಾಗ ಹಿಂದೆ ಬಂದು ನಿಂತಿದ್ದರೋ ಗೊತ್ತಿಲ್ಲ.

ಆ ಪುಡಿಗೆ ಇನ್ನೊಂದು ಸಲ ನೀರು ಹಾಕುವುದಿಲ್ಲವೇ ಎಂದು ಕೇಳಿದರು. ಫಿಲ್ಟರಿನಲ್ಲಾದರೆ ಮೊದಲನೆಯ ಗಟ್ಟಿ ಡಿಕಾಕ್ಷನ್ ಇಳಿದ ಮೇಲೆ ಅದೇ ಪುಡಿಗೆ ಮತ್ತೆ ಕುದಿನೀರು ಹುಯ್ದು ಎರಡನೆಯದನ್ನು ಇಳಿಸುವುದು ಎಲ್ಲ ಮನೆಗಳ ಪದ್ಧತಿ. ಇದರಲ್ಲಿ ಹಾಗೆ ಮಾಡಿದರೆ ಬರೀ ಕಹಿ ಬರುತ್ತದೆ, ಎರಡನೆಯದು ಎಂಬುದೇ ಇಲ್ಲ, ಎಲ್ಲರಿಗೂ ಮೊದಲನೆಯದೇ ಎಂದು ಹೆಮ್ಮೆಯಿಂದ ಹೇಳಿದೆ.

ಅತ್ತೆ ಮುಖ ಸಣ್ಣದು ಮಾಡಿ ಯೋಚಿಸಿದರು.

"ಹಂಗಾರ ನಾ ಯಾವುದು ಕುಡೀಲಿ?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ನಮಗೆಲ್ಲ ಕೊಟ್ಟು ಮುಗಿಸಿ, ಅಡುಗೆಮನೆಯ ಬಾಗಿಲು ಓರೆ ಮಾಡಿಕೊಂಡು ಅವರು ದಿನವೂ ಒಬ್ಬರೇ ನಿಂತು ಕುಡಿಯುತ್ತಿದ್ದರು. ಒಳ್ಳೆಯದನ್ನು ತಮಗೆಂದು ಇಟ್ಟುಕೊಳ್ಳುತ್ತಾರೆ ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ. ಕುಡಿಯುತ್ತಿದ್ದದ್ದು ಎರಡನೆಯದನ್ನು. ಹಬ್ಬದ ದಿನ, ನೆಂಟರು ಬಂದ ದಿನ, ಮೂರನೆಯದನ್ನು. ನನಗೆ ಸಿಟ್ಟು ಬಂತು. ಯಾರು ಹೇಳಿದ್ದರು ಹಾಗೆ ಕುಡಿಯಲು ಎಂದು ಜೋರಾಗಿಯೇ ಕೇಳಿದೆ.

"ಯಾರೂ ಹೇಳಿಲ್ಲ, ಉಳದದ್ದು ಕುಡೀತಿದ್ದೆ. ಕೂತು, ಇನ್ನೊಬ್ಬರ ಕೈಲೆ ತೊಗೊಂಡು ಕುಡಿಯೂದು ನಂಗ ಬರಂಗಿಲ್ಲ. ನಿನ್ನ ಕಾಫಿ ಕೆಟ್ಟದ್ದು ಅಂತ ಬಿಟ್ಟಿದ್ದಲ್ಲ." ಸ್ವಲ್ಪ ತಡೆದು, ಸತ್ಯಕ್ಕೆ ಅಪಚಾರವಾಗಬಾರದೆಂದೋ ಏನೋ, "ಕೆಟ್ಟದ್ದೂ ಹೌದು" ಎಂದು ಸೇರಿಸಿದರು.

ನಾನು ಬಟ್ಟಲನ್ನು ತೊಳೆದು ಒರೆಸಿದೆ. ಹೊಸ ಪುಡಿ ತುಂಬಿ, ಲಟ್ಟಣಿಗೆ ಎಳೆದು, ಅವರ ಲೋಟಕ್ಕೆ ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ ಕೈಗೆ ಕೊಟ್ಟೆ. ಒಂದು ಗುಟುಕಿಗೇ ಅವರ ಹುಬ್ಬು ಮೇಲೇರಿತು. ಇಷ್ಟು ಗಟ್ಟಿ ಮನುಷ್ಯರು ಕುಡಿಯುವುದಲ್ಲ ಅಂದರು. ಒಲೆಯ ಮೇಲಿದ್ದ ಬಿಸಿನೀರನ್ನು ಎಡಗೈಯಿಂದ ಸುರಿದುಕೊಂಡರು. ನಾನು ತಿಂಗಳುಗಟ್ಟಲೆ ಒದ್ದಾಡಿ, ಗದ್ದಕ್ಕೆ ಪೆಟ್ಟು ತಿಂದು ಕಲಿತದ್ದು ನನ್ನ ಕಣ್ಣೆದುರಿಗೇ ತೆಳ್ಳಗಾಗುತ್ತ ಎರಡನೆಯ ಡಿಕಾಕ್ಷನ್ನಿನ ಬಣ್ಣಕ್ಕೆ ಬಂತು. ಕಟ್ಟೆಗೆ ಒರಗಿ ನಿಂತು ಅದನ್ನು ಪೂರ್ತಿ ಕುಡಿದರು. ಕುಡಿದು ಮುಗಿಸಿ, ಹಾಲು ಕಾಯಿಸುವ ರೀತಿ ಇದಲ್ಲ, ತಳ ಹಿಡಿಸಿದ್ದೀ, ನಿನ್ನ ಲಕ್ಷ್ಯ ಎಲ್ಲಿರುತ್ತದೆ ಎಂದು ಶುರುಮಾಡಿದರು. ನಡುಮನೆಯಿಂದ ಗಂಡ ಇಣುಕಿ ನೋಡಿ ನಕ್ಕರು. ನಾನು ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡೆ.

ದಿನಾ ಹಾಗೇ ನಡೆಯಿತು. ನಾನು ಎಳೆಯುವುದು, ಅವರು ನೀರು ಬೆರೆಸುವುದು, ನಿಂತು ಕುಡಿಯುವುದು, ಬೈಯುವುದು. ನೀರು ಒಂದಿಷ್ಟು ಕಡಿಮೆಯಾಗುತ್ತ ಬಂದದ್ದನ್ನು ನಾನು ನೋಡಿಯೂ ನೋಡದವಳಂತೆ ಇದ್ದೆ. ಮೊನ್ನೆ ಬೆಳಿಗ್ಗೆ ನಾನು ಲೋಟ ತಂದಾಗ ಅವರು ಅಡುಗೆಮನೆಯಲ್ಲಿರಲಿಲ್ಲ. ನಡುಮನೆಯಲ್ಲಿ, ಮಗನ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನಾನು ಬಿಸಿನೀರು ತರಲು ತಿರುಗಿದೆ.

"ನೀರು ಬ್ಯಾಡ ಇವತ್ತ" ಅಂದರು, ಕೈ ಚಾಚಿ.